ತುಪ್ಪದ ಮಿಳ್ಳೆ

ಪಕ್ಕದ ಮನೆಯ ಹುಡುಗಿ ಸಂಜೆ ನೋಟ್‌ಬುಕ್ ಹಿಡಿದು ಬಂದಳು. ‘ಅಂಕಲ್, “ಮೊಸರಿನ ಮಂಗಮ್ಮ” ಕಥೆಯ ಆಶಯ ಏನು? ನಾಲ್ಕು ಅಂಕದ ಪ್ರಶ್ನೆ. ಐದು ವಾಕ್ಯ ಸಾಕು.’

ಮಾಸ್ತಿಯವರನ್ನು ಐದು ವಾಕ್ಯಕ್ಕೆ ಇಳಿಸುವ ಧೈರ್ಯ ನನಗಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯ ಅದಕ್ಕಿಂತ ಕಡಿಮೆ. ‘ಅತ್ತೆ ಸೊಸೆ ಜಗಳವಾಡಿದರು, ಬೇರೆಯಾದರು, ಮತ್ತೆ ಒಂದಾದರು’ ಎಂದೆ. ಹೇಳಿದ ಮೇಲೆ ನನಗೇ ಪಿಚ್ಚೆನಿಸಿತು. ಇಷ್ಟೇ ಆಗಿದ್ದರೆ ನಮ್ಮ ಬೀದಿಯಲ್ಲಿ ಮನೆಗೊಬ್ಬ ಮಾಸ್ತಿ ಇರಬೇಕಿತ್ತು.

ಆಗ ಅಜ್ಜಿ ನೆನಪಾದಳು. ಅಜ್ಜಿಯೂ ಸೋದರಮಾವನೂ ಒಂದೇ ಮದುವೆಗೆ ಹೋಗಿ ಒಂದೇ ಬಸ್ಸಿನಲ್ಲಿ ಹಿಂತಿರುಗಿದ್ದರು. ಮಾವನ ವರದಿ ಚಪ್ಪಲಿ ಬಿಡುವಷ್ಟರಲ್ಲಿ ಮುಗಿಯಿತು: ‘ಮದುವೆ ಆಯಿತು. ಊಟ ಪರವಾಗಿಲ್ಲ. ಬೀಗರು ಸ್ವಲ್ಪ ಜಿಪುಣರು.’ ಅಜ್ಜಿ ಕಾಲು ತೊಳೆದು, ಎಲೆಗೆ ಸುಣ್ಣ ಸವರಿಕೊಂಡು, ಸಾವಕಾಶವಾಗಿ ಶುರುಮಾಡಿದಳು. ‘ತುಪ್ಪದವನು ಬಂದನಪ್ಪ. ಮಿಳ್ಳೆ ನನ್ನ ಎಲೆ ಮೇಲೆ ಬಗ್ಗಿತು. ಬಗ್ಗಿದ್ದೇನೋ ನಿಜ. ನಾನು ಅನ್ನ ಗುಳಿ ಮಾಡಿಕೊಂಡು ಕಾದೆ. ತಲೆ ಎತ್ತಿ ನೋಡ್ತೀನಿ, ಆಸಾಮಿ ಆಗಲೇ ಮೂರನೇ ಎಲೆ ಹತ್ತಿರ ಇದಾನೆ.’ ಜಿಪುಣ ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ. ಆದರೂ ನಲವತ್ತು ವರ್ಷದಿಂದ ಆ ಅನ್ನದ ಗುಳಿ ನನ್ನ ಕಣ್ಣ ಮುಂದೆ ಖಾಲಿಯಾಗಿಯೇ ಇದೆ.

1920ರಲ್ಲೇ ‘ಕೆಲವು ಸಣ್ಣ ಕಥೆಗಳು’ ತಂದ ಮಾಸ್ತಿ ಅಜ್ಜಿಯ ಪಂಗಡದವರು. ಮೊಮ್ಮಗನಿಗೆ ಸೊಸೆ ಹೊಡೆದದ್ದಕ್ಕೆ ಜಗಳವಾಗಿ ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಪಾಪ, ಒಂಟಿಯಾದಳು ಎಂದು ಬರೆದು ಅವರು ಕೈತೊಳೆದುಕೊಳ್ಳುವುದಿಲ್ಲ. ಆ ವಯಸ್ಸಿನಲ್ಲಿ ಅವಳಿಗೊಂದು ಮಖಮಲ್ಲಿನ ರವಿಕೆ ಹೊಲಿಸುತ್ತಾರೆ. ನಗು ಬರುತ್ತದೆ, ನಗುವಾಗಲೇ ಎಲ್ಲೋ ಚುಚ್ಚುತ್ತದೆ. ಕಥೆ ಹೇಳುವವಳು ಮೊಸರು ಕೊಳ್ಳುವ ಮನೆಯಾಕೆ. ತೀರ್ಪು ಕೊಡುವ ಅವಸರ ಅವಳಿಗಿಲ್ಲ. ಮಂಗಮ್ಮ ಹೇಳಿದಾಗ ಮಂಗಮ್ಮನದೇ ಸರಿ ಅನ್ನಿಸುತ್ತದೆ. ಸೊಸೆ ನಂಜಮ್ಮ ಬಾಯಿ ತೆರೆದಾಗ, ಅಯ್ಯೋ, ಅವಳದೂ ಸರಿ. ಮಂಗಮ್ಮನೇ ನೇರವಾಗಿ ನಮಗೆ ಹೇಳಿದ್ದರೆ ಅದು ಬರೀ ದೂರು ಆಗುತ್ತಿತ್ತು, ಊರ ಗೌಡರು ಹೇಳಿದ್ದರೆ ಪಂಚಾಯಿತಿ. ಇಬ್ಬರದೂ ಸರಿಯಾದ ಜಗಳದ ಸಂಕಟ ನಮಗೆ ತಟ್ಟುವುದು ಆ ನಿಧಾನದ, ಹೂಂಗುಟ್ಟುವ ಮಾತಿನಿಂದಲೇ.

ಮಾತಿನ ಧಾಟಿ ಬದಲಾದರೆ ಕಥೆಯೇ ಬದಲಾಗುತ್ತದೆ. ದೇವನೂರ ಮಹಾದೇವರ ‘ಅಮಾಸ’ ಕಥೆಯ ಒಂದು ಪುಟವನ್ನು ನಾನೊಮ್ಮೆ ಹುಡುಗಾಟಕ್ಕೆ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೆ. ಜನರೆಲ್ಲ ಇಸ್ತ್ರಿ ಅಂಗಿ ತೊಟ್ಟು ಫೋಟೋಕ್ಕೆ ನಿಂತಂತಾಯಿತು. ಯಾರಿಗೂ ತೋರಿಸದೆ ಹರಿದುಹಾಕಿದೆ.

ಇದನ್ನೆಲ್ಲ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. ‘ಹೀಗೆ ಬರೆದರೆ ನಾಲ್ಕಕ್ಕೆ ನಾಲ್ಕು ಕೊಡ್ತಾರಾ?’

‘ಉತ್ತರಕ್ಕೆ ಜಾಗ ಎಷ್ಟಿರುತ್ತೆ?’

ಹಳೇ ಪ್ರಶ್ನೆಪತ್ರಿಕೆ ತೋರಿಸಿದಳು. ಐದು ಗೆರೆ.

‘ಹಾಗಾದರೆ ನಮ್ಮ ಮಾವನ ತರಹ ಬರಿಯಮ್ಮ.’

ಬರೆದುಕೊಂಡು ಹೊರಟಳು. ಗೇಟಿನ ಹತ್ತಿರ ಹೋದವಳು ನಿಂತು ತಿರುಗಿದಳು.

‘ಅಂಕಲ್, ಆಮೇಲಾದರೂ ಅಜ್ಜಿಗೆ ತುಪ್ಪ ಬಡಿಸಿದರಾ?’