ಆಫರಪ್ಪನವರ ಉಳಿತಾಯ

ಆಫರಪ್ಪನವರಿಗೆ ಜಾಹೀರಾತಿನಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಇದನ್ನು ಅವರೇ ಹೇಳುತ್ತಾರೆ, ಯಾರೂ ಕೇಳದಿದ್ದರೂ ಹೇಳುತ್ತಾರೆ. "ನನ್ನನ್ನ ಯಾಮಾರಿಸೋದು ಅಷ್ಟು ಸುಲಭ ಅಲ್ಲ ಸ್ವಾಮಿ. ನಾಲ್ಕು ಜಾಹೀರಾತು ಹೋಲಿಸಿ ನೋಡಿ ಆಮೇಲೇ ನಾನು ತಗೊಳ್ಳೋದು." ಹೀಗೆನ್ನುವಾಗ ಅವರ ಮೈಮೇಲಿರುವುದು ಎರಡು ಕೊಂಡದ್ದಕ್ಕೆ ಮೂರು ಉಚಿತವಾಗಿ ಬಂದ ಐದು ಅಂಗಿಗಳಲ್ಲಿ ಒಂದು. ಉಳಿದ ನಾಲ್ಕೂ ಅದೇ ಬಣ್ಣದವಾದ್ದರಿಂದ ಅವರು ವಾರವಿಡೀ ಒಂದೇ ಅಂಗಿ ಹಾಕುತ್ತಾರೆಂದು ಬೀದಿಯವರು ಮರುಕಪಡುತ್ತಾರೆ. ಕಾಲಿನಲ್ಲಿ 999 ರೂಪಾಯಿಯ ಚಪ್ಪಲಿ. ಅವರ ಲೆಕ್ಕದಲ್ಲಿ ಅದು ಒಂಬೈನೂರು ಚಿಲ್ಲರೆ. ಸಾವಿರ ಎಂದು ನೋಡಿ, ಜಗಳಕ್ಕೇ ಬರುತ್ತಾರೆ.

ಇಂಥವರು ಮೈಸೂರಿನ ಕುವೆಂಪುನಗರದಲ್ಲಿದ್ದಾರೆ, ದಾವಣಗೆರೆಯ ವಿದ್ಯಾನಗರದಲ್ಲಿದ್ದಾರೆ, ಬೆಂಗಳೂರಿನ ವಿಜಯನಗರದಲ್ಲಿ ಅಡ್ಡರಸ್ತೆಗೊಬ್ಬರಂತೆ ಇದ್ದಾರೆ. ನಿಮ್ಮ ರಸ್ತೆಯಲ್ಲಿ ಇಲ್ಲವೆಂದು ನಿಮಗೆ ಅನ್ನಿಸಿದರೆ ಮನೆಯವರನ್ನು ಒಮ್ಮೆ ಕೇಳಿ ನೋಡಿ.

ಬೆಳಗ್ಗೆ ಪೇಪರ್ ಬಂದಾಗ ಉಳಿದವರು ಸುದ್ದಿ ಎಲ್ಲಿದೆಯೋ ಎಂದು ಜಾಹೀರಾತಿನ ಹೊದಿಕೆಯನ್ನು ಒಂದೊಂದಾಗಿ ತಿರುವಿ ಹಾಕುತ್ತಾರೆ. ಆಫರಪ್ಪನವರು ಓದುವುದು ಆ ಹೊದಿಕೆಯನ್ನೇ. ಸುದ್ದಿ ಶುರುವಾಗುವಲ್ಲಿಗೆ ಅವರ ಓದು ಮುಗಿಯುತ್ತದೆ. ಟೀವಿಯಲ್ಲೂ ಅಷ್ಟೇ. ಮನೆಮಂದಿ ಧಾರಾವಾಹಿ ನೋಡುವಾಗ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಾರೆ. ಬ್ರೇಕ್ ಬಂದೊಡನೆ ಓಡಿ ಬಂದು ಕೂರುತ್ತಾರೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಕೂಡದೆಂದು ಕೇಬಲ್ ಟೀವಿ ನಿಯಮ 2006ರಿಂದಲೇ ಹೇಳುತ್ತಿದೆ ಎಂದು ಯಾರೋ ತಿಳಿಸಿದಾಗ ಅವರ ಮುಖ ಬಾಡಿತು. "ಅಷ್ಟೇನಾ?" ಅಂದರು.

ಒಂದು ವಿಷಯದಲ್ಲಿ ಮಾತ್ರ ಅವರ ದೃಷ್ಟಿ ಮಂದ. ಬೆಲೆಯ ನೆತ್ತಿಯ ಮೇಲೆ ಕೂತಿರುವ ಸಣ್ಣ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಮಗಳ ಜಾತಕ ತೋರಿಸುವಾಗ 27 ನಕ್ಷತ್ರಗಳ ಗಣ, ನಾಡಿ, ಪಾದ ಎಲ್ಲವನ್ನೂ ಗುಣಿಸಿ ಭಾಗಿಸಿದ ಮನುಷ್ಯ ಈ 28ನೆಯದನ್ನು ಬಿಟ್ಟೇಬಿಡುತ್ತಾರೆ. ಪುಟದ ಬುಡದಲ್ಲಿ ಇರುವೆ ಸಾಲಿನಂತೆ ಹರಿದುಹೋಗುವ ಷರತ್ತುಗಳನ್ನು ಓದಲು ಭೂತಗನ್ನಡಿ ಬೇಕು. ಭೂತಗನ್ನಡಿ ಅವರಲ್ಲಿದೆ. ಯಾವುದೋ ಕ್ಯಾಲೆಂಡರಿನ ಜೊತೆ ಉಚಿತವಾಗಿ ಬಂದದ್ದು, ಅಟ್ಟದ ಮೇಲಿದೆ.

ಅವರ ಗೋಡೆಯ ಮೇಲೆ ಒಂಟಿಕೊಪ್ಪಲ್ ಪಂಚಾಂಗದ ಪಕ್ಕದಲ್ಲಿ ಅವರದೇ ಒಂದು ಪಂಚಾಂಗವಿದೆ. ಸಂಕ್ರಾಂತಿಗೆ ಫ್ರಿಜ್ಜು, ಯುಗಾದಿಗೆ ಬೈಕು, ಶ್ರಾವಣದಲ್ಲಿ ಸೀರೆ, ದಸರೆಗೆ ಟೀವಿ, ದೀಪಾವಳಿಗೆ ಮಿಕ್ಕಿದ್ದೆಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳನ್ನೂ ಬಿಟ್ಟಿಲ್ಲ. ಇಷ್ಟೊಂದು ಜನ ಜೈಲಿಗೆ ಹೋಗಿ ಬಂದದ್ದು ವಾಷಿಂಗ್ ಮೆಷಿನ್ನಿಗೆ 40 ಪರ್ಸೆಂಟ್ ಬಿಡಿಸಲಿಕ್ಕೇ ಎಂದು ಅವರ ಮೊಮ್ಮಗ ನಂಬಿದ್ದರೆ ತಪ್ಪು ಮೊಮ್ಮಗನದಲ್ಲ.

ಹಬ್ಬವಿದ್ದರೆ ಕೊಳ್ಳುವುದು ಸರಿ, ಹಬ್ಬವಿಲ್ಲದ ಕಾಲ? ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆಯೂ ಅತ್ತೆಯ ಮನೆಯಲ್ಲಿ ಇರುವುದಿಲ್ಲ. ಹಿಂದೆ ಬಟ್ಟೆ ಅಂಗಡಿಯವರು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ ತಿಂಗಳದು. ಈಗ ಆಷಾಢದ ರಿಯಾಯಿತಿ ಮಾರಾಟಕ್ಕೆ ಬಾಗಿಲಲ್ಲಿ ನೂಕುನುಗ್ಗಲು. ಒಳ್ಳೆಯ ಕೆಲಸಕ್ಕೆ ಆಗದ ತಿಂಗಳನ್ನು ಕೊಳ್ಳಲು ಯೋಗ್ಯವಾಗಿಸಿದವರ ಬುದ್ಧಿಗೆ ಕೈಮುಗಿಯಬೇಕು. ಕಳೆದ ಆಷಾಢದಲ್ಲಿ ಆಫರಪ್ಪನವರು ಮಗಳ ಮದುವೆಗೆಂದು ಹನ್ನೆರಡು ಸೀರೆ ತಂದರು. ಗಂಡು ಇನ್ನೂ ಗೊತ್ತಾಗಿಲ್ಲ.

"ರೀ, ಇದನ್ನೆಲ್ಲ ಎಲ್ಲಿಡ್ಲಿ?" ಎಂದರು ಅವರ ಶ್ರೀಮತಿ.

"ಅಟ್ಟದ ಮೇಲಿಡು."

"ಅಟ್ಟದ ಮೇಲೆ ಕುಕ್ಕರಿದೆ, ಮೂರು. ಅದರ ಹಿಂದೆ ನೀವು ವ್ಯಾಯಾಮ ಮಾಡ್ತೀನಿ ಅಂತ ತಂದ ಸೈಕಲ್ಲಿದೆ."

"ಅದಕ್ಕೇ ಹೇಳಿದ್ದು, ಆ ಕಬ್ಬಿಣದ ರ್‍ಯಾಕು ತಗೊಳ್ಳೋಣ ಅಂತ. ಭಾನುವಾರದವರೆಗೆ ಅರ್ಧ ಬೆಲೆ."

"ನಮಗೆ ಬೇಕಿತ್ತೇನ್ರೀ ಇದು?"

ಆ ಮನೆಯಲ್ಲಿ ಕೇಳಬಾರದ ಪ್ರಶ್ನೆ ಇದೊಂದೇ. ಆಫರಪ್ಪನವರು ಪೆನ್ನು ತೆಗೆದು ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕುತ್ತಾರೆ. ಮೂಲಬೆಲೆ 18,000, ಕೊಟ್ಟದ್ದು 11,000, ಉಳಿದದ್ದು 7,000. ಕೊಟ್ಟ 11,000 ಯಾವ ಖಾತೆಗೆ ಬರೆಯುವುದೆಂದು ಶ್ರೀಮತಿಯವರು ಕೇಳುವುದಿಲ್ಲ. ಮೂವತ್ತು ವರ್ಷದ ಸಂಸಾರ ಅವರಿಗೂ ಒಂದಿಷ್ಟು ಕಲಿಸಿದೆ. ಆ 18,000 ಮೂಲಬೆಲೆ ಎಂದು ಬರೆದವರು ಯಾರು ಎಂಬುದನ್ನಂತೂ ಇಬ್ಬರೂ ಕೇಳುವುದಿಲ್ಲ.

ಇನ್ನು ಚಿನ್ನ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಅಕ್ಷಯ ತೃತೀಯದ ದಿನ ಆಫರಪ್ಪನವರ ತಾಯಿ ಬಿಸಿಲಲ್ಲಿ ಬಂದವರಿಗೆ ನೀರುಮಜ್ಜಿಗೆ ಕೊಡುತ್ತಿದ್ದರು, ಬೀಸಣಿಗೆ ದಾನ ಮಾಡುತ್ತಿದ್ದರು. ಆ ದಿನ ಕೊಟ್ಟದ್ದು ಅಕ್ಷಯವಾಗುತ್ತದೆ ಎಂದು ಅವರು ತಿಳಿದಿದ್ದರು. ಮಗನ ಕಾಲಕ್ಕೆ ಕೊಂಡದ್ದು ಅಕ್ಷಯವಾಗುತ್ತದೆ ಎಂದಾಯಿತು. ತಾಯಿ ಮಗನ ನಡುವೆ ಯಾವ ಶಾಸ್ತ್ರಗ್ರಂಥವೂ ತಿದ್ದುಪಡಿಯಾಗಲಿಲ್ಲ, ಪೂರ್ಣಪುಟದ ಜಾಹೀರಾತುಗಳು ಬಂದವು ಅಷ್ಟೆ. ವೈಶಾಖ ಶುದ್ಧ ತದಿಗೆಯೇ ಬಸವ ಜಯಂತಿ ಕೂಡ. ದಾಸೋಹ ಹೇಳಿಕೊಟ್ಟವರ ಹೆಸರಿನಲ್ಲಿ ಸರ್ಕಾರ ರಜೆ ಕೊಡುತ್ತದೆ; ಆ ರಜೆಯಲ್ಲಿ ಆಫರಪ್ಪನವರು ಬೆಳಗಾಗುವ ಮೊದಲೇ ಸ್ನಾನ ಮುಗಿಸಿ ಚಿನ್ನದಂಗಡಿಯ ಕ್ಯೂನಲ್ಲಿ ನಿಲ್ಲುತ್ತಾರೆ. ಮೇಕಿಂಗ್ ಚಾರ್ಜಿನಲ್ಲಿ ರಿಯಾಯಿತಿ. ಚಿನ್ನದ ದರದಲ್ಲಿ ಅಂಗಡಿಯವರು ಬಿಡಲಾರರು, ಬಿಡುವುದೆಲ್ಲ ಆ ಕೂಲಿಯಲ್ಲಿ. ಕೂಲಿ ಎಷ್ಟೆಂದು ಗೊತ್ತುಮಾಡುವವರೂ ಅವರೇ. ತಮ್ಮ ಜೇಬಿನಿಂದ ತಮಗೇ ದಾನ ಮಾಡಿಕೊಳ್ಳುವ ಇಂಥ ಪುಣ್ಯಾತ್ಮರು ಬೇರೆ ವ್ಯಾಪಾರದಲ್ಲಿ ಸಿಗುವುದು ಕಷ್ಟ.

ಅದೇ ದಿನದ ಪೇಪರನ್ನು ಪೂರ್ತಿ ಬಿಡಿಸಿ ನೋಡಿದರೆ ಆಫರಪ್ಪನವರ ಚಿನ್ನದ ಜನ್ಮ, ಜೀವನ, ಅಂತ್ಯ ಮೂರೂ ಒಂದೇ ಕಡೆ ಸಿಗುತ್ತವೆ. ಮೊದಲ ಪುಟದಲ್ಲಿ ನಟಿಯೊಬ್ಬಳು ಸರ ಹಾಕಿಕೊಂಡು ನಗುತ್ತಾಳೆ: ಕೊಳ್ಳಿ. ಒಳಪುಟದಲ್ಲಿ ನಟನೊಬ್ಬ ಕೈಚಾಚಿ ನಿಂತಿರುತ್ತಾನೆ: ಅಡವಿಡಿ, ನಿಮಿಷಗಳಲ್ಲಿ ಸಾಲ. ಹಿಂದಿನ ಪುಟಗಳಲ್ಲಿ, ನಟರು ಯಾರೂ ಇಲ್ಲದ ಜಾಗದಲ್ಲಿ, ಸಣ್ಣಕ್ಷರದ ಪ್ರಕಟಣೆ: ಸಾಲ ತೀರಿಸದವರ ಒಡವೆಗಳ ಹರಾಜು, ಈ ಕೆಳಕಂಡ ಖಾತೆ ಸಂಖ್ಯೆಗಳು. ಮೂರಕ್ಕೂ ಪೇಪರಿನವರು ದುಡ್ಡು ತೆಗೆದುಕೊಂಡಿರುತ್ತಾರೆ. ಆಫರಪ್ಪನವರು ಮೊದಲೆರಡನ್ನು ಓದಿದ್ದಾರೆ. ಕಾರಿನ ಮುಂಗಡ ಕಟ್ಟಲು ಅಕ್ಷಯವಾದ ಆ ಸರ ಈಗ ಎರಡನೆಯ ಹಂತದಲ್ಲಿದೆ.

ಅವರು ಕೊಂಡ ಸೈಟಿನ ಕಥೆ ಚಿಕ್ಕದು. ವಿಮಾನ ನಿಲ್ದಾಣದಿಂದ 20 ನಿಮಿಷ, ಬಾಲ್ಕನಿಯಿಂದ ನಂದಿ ಬೆಟ್ಟ ಎಂದು ಜಾಹೀರಾತಿನಲ್ಲಿತ್ತು. ವಿಮಾನದಲ್ಲಿ ಹೋದರೆ 20 ನಿಮಿಷವೇ ಇರಬೇಕು. ಬೆಟ್ಟವೇನೋ ಕಾಣುತ್ತದೆ, ಬಾಲ್ಕನಿ ಇಲ್ಲ.

ಏಲಕ್ಕಿಯ ಕಥೆ ಇದಕ್ಕಿಂತ ಚಿಕ್ಕದು. ತಂಬಾಕಿನ ಜಾಹೀರಾತಿಗೆ 2003ರ ಕಾಯಿದೆ ತಡೆ ಹಾಕಿದ ಮೇಲೆ ದೊಡ್ಡ ದೊಡ್ಡ ತಾರೆಯರಿಗೆಲ್ಲ ಒಮ್ಮೆಗೇ ಏಲಕ್ಕಿಯ ಮೇಲೆ ಪ್ರೀತಿ ಹುಟ್ಟಿತು. ಹೆಂಡದ ಕಂಪನಿಗಳೂ ಇದೇ ಉಪಾಯದಿಂದ ಸೋಡಾ, ನೀರು, ಹಾಡಿನ ಸಿ.ಡಿ. ಮಾರುತ್ತ ಬಂದಿವೆ. ಏಲಕ್ಕಿ ಬೆಳೆಯುವ ಸಕಲೇಶಪುರದವರಿಗಾಗಲಿ, ಏಲಕ್ಕಿಯಲ್ಲಿ ಹಾರ ಕಟ್ಟುವ ಹಾವೇರಿಯವರಿಗಾಗಲಿ ಜಾಹೀರಾತಿನ ತಾರೆಯರಂತೆ ಹೆಲಿಕಾಪ್ಟರಿನಿಂದ ಇಳಿದು ಅದನ್ನು ತಿನ್ನಬೇಕೆಂದು ಹೊಳೆದೇ ಇರಲಿಲ್ಲ. "ಏಲಕ್ಕಿ ತಾನೆ, ಅದರಲ್ಲೇನಿದೆ?" ಎನ್ನುತ್ತಾರೆ ಆಫರಪ್ಪನವರು. ಅವರ ಕಿರಿಯ ಮಗ ಅದೇ ಹೆಸರಿನ ಇನ್ನೊಂದು ಪೊಟ್ಟಣ ಎಲ್ಲಿ ಸಿಗುತ್ತದೆಂದು ಕಾಲೇಜಿನ ಎದುರಿನ ಗೂಡಂಗಡಿಯಲ್ಲಿ ತಿಳಿದುಕೊಂಡಿದ್ದಾನೆ.

ಆ ಮಗನನ್ನು ಎತ್ತರ ಮಾಡಲು ಅವರು ಪಟ್ಟ ಪಾಡು ಬೇರೆಯೇ. ಡಬ್ಬಿ ಡಬ್ಬಿ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಸಿದರು. ಹುಡುಗ ಕೊನೆಗೆ ಅಮ್ಮನಷ್ಟೇ ಎತ್ತರವಾದ; ಅಮ್ಮ ಕುಡಿದದ್ದು ರಾಗಿಗಂಜಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಒಂದು ಮಾತು ಹೇಳಿತು: ಆಹಾರ ಸುರಕ್ಷತಾ ಕಾಯಿದೆಯಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ, ಇಂಥ ಪಾನೀಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ. ಎರಡು ಮೂರು ತಲೆಮಾರಿನ ಮಕ್ಕಳು ಮೂಗು ಹಿಡಿದು ಕುಡಿದ ಮೇಲೆ ಈ ಮಾತು ಬಂತು.

ಮಗಳ ವಿಷಯ ಬರೆಯುವಾಗ ನಗು ಅಷ್ಟಾಗಿ ಬರುವುದಿಲ್ಲ. ಹುಡುಗಿ ಅಜ್ಜಿಯಂತೆ ಕಪ್ಪು, ಅಜ್ಜಿಯಂತೆಯೇ ಲಕ್ಷಣ. ಶಾಲೆಯಲ್ಲಿ ಗಣಿತಕ್ಕೆ ಮೊದಲು. ಆಫರಪ್ಪನವರ ಮನೆಯಲ್ಲಿ ಯಾರೂ ಅವಳ ಬಣ್ಣದ ಬಗ್ಗೆ ಒಂದು ಮಾತು ಆಡಿದವರಲ್ಲ. ಆಡುವ ಅಗತ್ಯವಿರಲಿಲ್ಲ, ಟೀವಿ ದಿನಕ್ಕೆ ಇಪ್ಪತ್ತು ಸಲ ಆಡುತ್ತಿತ್ತು. ಕಪ್ಪಿದ್ದಾಗ ಕೆಲಸ ಸಿಗದವಳಿಗೆ ಮುಖ ಬೆಳ್ಳಗಾದ ಕೂಡಲೆ ಗಗನಸಖಿಯ ಕೆಲಸ ಸಿಗುವ ಜಾಹೀರಾತುಗಳು ಅವು. 1975ರಲ್ಲಿ ಶುರುವಾದ 'ಫೇರ್ ಅಂಡ್ ಲವ್ಲಿ' 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿಕೊಂಡಿತು. ಅದಕ್ಕೆ ಹಿಡಿದದ್ದು 45 ವರ್ಷ. ಆ ಹುಡುಗಿ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ಸರಿದು ನಿಲ್ಲುವುದನ್ನು ಕಲಿತದ್ದು ಏಳನೇ ಕ್ಲಾಸಿನಲ್ಲಿ. ಆಫರಪ್ಪನವರು ಕ್ರೀಮನ್ನು ಕೊಂಡದ್ದೂ ಆಫರ್ ಇದ್ದದ್ದಕ್ಕೇ, ಟ್ಯೂಬಿನ ಜೊತೆ ಬಾಚಣಿಗೆ ಉಚಿತವಿತ್ತು. ಬಾಚಣಿಗೆ ಇನ್ನೂ ಇದೆ.

ಈಚೆಗೆ ಅವರಿಗೆ ಫೋನೇ ಪ್ರಾಣಸ್ನೇಹಿತ. ಮೊಣಕಾಲು ನೋವೆಂದು ಒಮ್ಮೆ ಹುಡುಕಿದರೆ ವಾರವಿಡೀ ಎಣ್ಣೆ, ಪಟ್ಟಿ, ಮಸಾಜಿನ ಯಂತ್ರ ತೋರಿಸುತ್ತದೆ. "ಮಕ್ಕಳಿಗಿಲ್ಲದ ಕಾಳಜಿ ಇದಕ್ಕಿದೆ ನೋಡಿ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ ಎಂದು ಅದು ಗಡಿಯಾರ ಓಡಿಸಿದಾಗ ಊಟದ ತಟ್ಟೆ ಬಿಟ್ಟು ಎದ್ದಿದ್ದಾರೆ. ಮರುದಿನವೂ ಎರಡೇ ಉಳಿದಿದ್ದವು. ಇಂಥ ಸುಳ್ಳು ಅವಸರವೂ ಸೇರಿದಂತೆ 13 ಬಗೆಯ ಮೋಸದ ವಿನ್ಯಾಸಗಳನ್ನು ಸರ್ಕಾರ 2023ರಲ್ಲಿ ಪಟ್ಟಿ ಮಾಡಿ ನಿಷೇಧಿಸಿದೆ. ಆ ಪಟ್ಟಿಯನ್ನು ಆಫರಪ್ಪನವರು ಓದಲಿಲ್ಲ, ಅದರಲ್ಲಿ ಡಿಸ್ಕೌಂಟ್ ಇರಲಿಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಗುಣಪಡಿಸುತ್ತೇವೆಂದು ಜಾಹೀರಾತು ಹಾಕಕೂಡದೆನ್ನುವ ಕಾಯಿದೆ 1954ರದು. ಆಫರಪ್ಪನವರ ಕಪಾಟಿನಲ್ಲಿರುವ ಮೂರು ಬಗೆಯ ಮಧುಮೇಹದ ಪುಡಿಗಳಿಗಿಂತ ಅದು ಎಷ್ಟೋ ಹಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರಿಗೂ ಅದರಲ್ಲಿ ಮುಖ ತೋರಿಸಿದ ತಾರೆಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2024ರಲ್ಲಿ ಪತಂಜಲಿ ಸಂಸ್ಥೆ ತನ್ನ ಜಾಹೀರಾತುಗಳಿಗಾಗಿ ಪೇಪರಿನಲ್ಲಿ ಕ್ಷಮೆ ಕೇಳಿದಾಗ ಸುಪ್ರೀಂ ಕೋರ್ಟ್, ಈ ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿತ್ತೇ ಎಂದು ವಿಚಾರಿಸಿತು. ಆಮೇಲೆ ದೊಡ್ಡದಾಗಿ ಹಾಕಿದರು. ಆಫರಪ್ಪನವರು ಅದನ್ನು ಗಮನವಿಟ್ಟು ಎರಡು ಸಲ ಓದಿ, ಬೆಲೆ ಕಾಣದೆ ಮಡಚಿಟ್ಟರು.

ಇಷ್ಟಿದ್ದೂ ಆಫರಪ್ಪನವರು ಇಂದಿನವರೆಗೆ ಒಂದೇ ಒಂದು ದೂರು ಕೊಟ್ಟವರಲ್ಲ. ಮೋಸಹೋದವರು ದೂರು ಕೊಡುತ್ತಾರೆ. ಅವರು ಮೋಸಹೋಗಿಲ್ಲ, ಪ್ರತಿ ಸಲವೂ ಗೆದ್ದಿದ್ದಾರೆ. ಕಂಪನಿಯವರನ್ನು ಹಿಂಡಿ 7,000 ಉಳಿಸಿದ್ದಾರೆ. ಮಂಕುಬೂದಿ ಎರಚಿ ಕಸಿದುಕೊಂಡ ಕಳ್ಳನನ್ನು ಹಿಡಿಯಬಹುದು. ನಮ್ಮ ಕೈಯಿಂದಲೇ ದುಡ್ಡು ಎಣಿಸಿಕೊಂಡು, "ಸಾರ್, ನಿಮ್ಮಂಥ ಬುದ್ಧಿವಂತರಿಗೆ ವ್ಯಾಪಾರ ಮಾಡಿ ನಮಗೇನೂ ಗಿಟ್ಟೋದಿಲ್ಲ" ಎಂದು ಹೊಗಳಿ ಕಳಿಸುವವನನ್ನು ಯಾವ ಠಾಣೆಯಲ್ಲಿ ಹಿಡಿಸುವುದು? ಜಾಹೀರಾತು ಸುಳ್ಳು ಹೇಳುತ್ತದೆ ಎಂದು ಬಯ್ಯುವವರು ಅದರ ಅರ್ಧ ಕಸುಬನ್ನಷ್ಟೇ ಕಂಡವರು. ಆಫರಪ್ಪನವರ ಜಾಣತನದ ಬಗ್ಗೆ ಅವರಿಗೇ ಅದು ಹೇಳಿರುವ ಸುಳ್ಳು ಮಿಕ್ಕೆಲ್ಲ ಸುಳ್ಳುಗಳಿಗಿಂತ ದುಬಾರಿಯದು, ಅದಕ್ಕೆ ರಿಯಾಯಿತಿಯೂ ಇಲ್ಲ.

ಆದ್ದರಿಂದ ಕೆಲಸ ಮನೆಯ ಉಳಿದವರ ಮೇಲೆ ಬಿದ್ದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಮನೆಯ ಆಫರಪ್ಪನವರು ಮಧ್ಯಾಹ್ನದ ನಿದ್ದೆ ಮಾಡುವಾಗ ಬಿಲ್ಲು, ಡಬ್ಬಿ, ಪೇಪರಿನ ಆ ಪುಟ ಮೂರನ್ನೂ ಮುಂದಿಟ್ಟುಕೊಂಡು ಒಂದು ಕರೆ ಮಾಡಿ. ಕರೆ ಉಚಿತ. ನಕ್ಷತ್ರವಿಲ್ಲ, ನಾನು ನೋಡಿದ್ದೇನೆ.