ಸರಕು, ಬೆಟ್ಟೆ, ಗೊರಬಲು

ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಿಗೆ ಹಾಡು ಬೇಕೇ ಬೇಕು. ಹದಿನೈದರ ಹುರುಪಿನಲ್ಲಿ ನಾನು ರಾಜ್‌ಕುಮಾರ್ ಕ್ಯಾಸೆಟ್ ತೆಗೆದು ಜೆಥ್ರೊ ಟಲ್ ಎಂಬ ಬ್ರಿಟಿಷ್ ರಾಕ್ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’ ಹಾಕಿಬಿಟ್ಟೆ. 1972ರ ಈ ಆಲ್ಬಮ್ಮಿನಲ್ಲಿರುವುದೇ ಒಂದು ಹಾಡು, ಸುಮಾರು 44 ನಿಮಿಷ! ಮಗುಚಿ ಹಾಕಿದರೂ ಅದೇ ಹಾಡು.

“ಒಂದು ಬುಟ್ಟಿ ಸುಲಿದ್ರೂ ಇವಂದು ಮುಗೀಲಿಲ್ವಲ್ಲೋ!” ಅಂದಳು ಅಜ್ಜಿ. ಕೊಳಲು ಬಂದಾಗ ಮಾತ್ರ, “ಹಾಂ, ಈಗ ಕೃಷ್ಣ ಬಂದ” ಎಂದು ಕ್ಷಮಿಸಿದಳು. ಬೆಳಗಿನ ತನಕ ಬಯಲಾಟ ನೋಡಿದವಳಿಗೆ 44 ನಿಮಿಷ ಯಾವ ಲೆಕ್ಕ?

ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ಯನ್ನು ಹೊನ್ನಾಳಿಯ ಭಜನೆ ಮಾವನಿಗೆ ಕೇಳಿಸಿದೆ. ಕಣ್ಣು ಮುಚ್ಚಿ, ತೊಡೆ ತಟ್ಟಿ ಎಣಿಸಿದರು. “ಏಳು! ಮಿಶ್ರಛಾಪು ಕಣೋ ಇದು.” ಕೊಹಿನೂರಿನ ಜೊತೆ ಬ್ರಿಟಿಷರು ನಮ್ಮ ಈ ತಾಳವನ್ನೂ ಹೊತ್ತೊಯ್ದರು ಎಂಬ ಧಾಟಿ. ಜಗಳೂರಿನ ಗೆಳೆಯನಂತೂ, ಇಂಥದೇ ಇನ್ನೊಂದು ಉದ್ದದ ಹಾಡಿನಲ್ಲಿ ಹಾಡುಗಾರ ಬಾಯಿ ತೆರೆಯುವುದನ್ನು ಮಳೆ ಕಾದಂತೆ ಕಾದು, ಎದ್ದುಹೋದ.

ಇಷ್ಟು ಜ್ಞಾನ ಬಂದ ಮೇಲೆ ವಿಮರ್ಶಕನಾಗದೆ ಇರುವುದು ಹೇಗೆ? ಕಾಲೇಜಿನ ಗೋಡೆಪತ್ರಿಕೆಗೆ ಬರೆಯತೊಡಗಿದೆ. ನಕ್ಷತ್ರ ಕೊಟ್ಟರೆ ನಮ್ಮೂರಲ್ಲಿ ಜಾತಕ ಅಂದುಕೊಂಡಾರು. ಅಡಿಕೆಯ ದರ್ಜೆಯನ್ನೇ ಕೊಟ್ಟೆ: ಸರಕು ಎಲ್ಲಕ್ಕಿಂತ ಮೇಲು, ಅದರ ಕೆಳಗೆ ಬೆಟ್ಟೆ, ಗೊರಬಲು ತೀರಾ ಕೊನೆಗೆ. ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಸರಕು. ಪಿಂಕ್ ಫ್ಲಾಯ್ಡ್ ಬೆಟ್ಟೆ (ಜಗಳಕ್ಕೆ ಬರುವವರು ಬರಲಿ). ಎಮರ್ಸನ್, ಲೇಕ್ ಆ್ಯಂಡ್ ಪಾಮರ್‌ರ 1978ರ ‘ಲವ್ ಬೀಚ್’ ಶುದ್ಧ ಗೊರಬಲು.

ಮಗನ ಫೀಸು ಕಟ್ಟಲು ಬಂದಿದ್ದ ನ್ಯಾಮತಿಯ ಬೆಳೆಗಾರರೊಬ್ಬರು ಅದನ್ನು ಗಂಭೀರವಾಗಿ ಓದಿ ನನ್ನನ್ನು ಹುಡುಕಿಕೊಂಡು ಬಂದರು: “ತಮ್ಮಾ, ಈ ಯೆಸ್‌ನೋರ ಸರಕಿಗೆ ಕ್ವಿಂಟಾಲ್‌ಗೆ ಎಷ್ಟು ನಡೀತಿದೆ?”