ತುಪಾಕಿಗೆ ಉಪ್ಪು

ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆ ಹೋಗುವ ದಾರಿಯ ಎರಡೂ ಬದಿಗೆ ಮಾವಿನ ತೋಪುಗಳು. ಆ ತೋಪುಗಳಿಗೆ ನುಗ್ಗುತ್ತಿದ್ದ ಹುಡುಗರ ಚಡ್ಡಿ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ ಇದ್ದೇ ಇರುತ್ತಿತ್ತು. ಒಳಗೆ ಉಪ್ಪು, ಖಾರದ ಪುಡಿ. ತೋತಾಪುರಿ ಕಾಯನ್ನು ಕಲ್ಲಿಗೆ ಕುಟ್ಟಿ ಹೋಳು ಮಾಡಿ, ಪೊಟ್ಟಣಕ್ಕೆ ಅದ್ದಿ ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕಣ್ಣು ಮಾತ್ರ ಕಾವಲಿನವನ ಗುಡಿಸಲ ಕಡೆಗೇ. ಅವನ ಹತ್ತಿರ ತುಪಾಕಿ ಇತ್ತು, ತುಪಾಕಿಯೊಳಗೆ ಗುಂಡಿಗೆ ಬದಲು ಕಲ್ಲುಪ್ಪು ಇತ್ತು. ಇದನ್ನು ಕಂಡವರಿಲ್ಲ, ನಂಬದವರೂ ಇಲ್ಲ. ಒಂದೇ ಶೆಟ್ಟರ ಅಂಗಡಿಯ ಉಪ್ಪು ಬೇಲಿಯ ಈಚೆ ಕಳ್ಳನ ಜೇಬಿಗೂ ಆಚೆ ಕಾವಲಿನವನ ನಳಿಗೆಗೂ ಸಲ್ಲುತ್ತಿತ್ತು ಎನ್ನಿ.

ಇದರ ಹಿಂದಿನ ನ್ಯಾಯಶಾಸ್ತ್ರ ಬಹಳ ಸರಳ. ಸೀಸದ ಗುಂಡು ಹೊಡೆದರೆ ಕೊಲೆ ಕೇಸು, ಉಪ್ಪು ಹೊಡೆದರೆ ಬರೀ ಉರಿ. ಏಟು ಬೀಳುವ ಜಾಗವೂ ಕಥೆಯಲ್ಲಿ ಮೊದಲೇ ಗೊತ್ತಾಗಿತ್ತು: ಓಡುವವನು ಹಿಂದೆ ಬಿಟ್ಟುಕೊಂಡು ಹೋಗುವ ಜಾಗ. ಏಟು ತಿಂದವನು ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಬೆಂಚಿನ ಮೇಲೆ ಕೂರುವಂತಿಲ್ಲ. ಸೀದಾ ಬೇತಮಂಗಲದ ಕೆರೆಗೆ ಹೋಗಿ ಉಪ್ಪು ಕರಗುವ ತನಕ ಸೊಂಟಮಟ್ಟ ನೀರಿನಲ್ಲಿ ಕೂರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಗೆ ನಮ್ಮ ಜಿಲ್ಲೆಯ ತಿದ್ದುಪಡಿ ಇದು. ಬೇತಮಂಗಲವೇ ಯಾಕೆ ಅಂದರೆ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕೋಲಾರ ಸೀಮೆಯಲ್ಲಿ, ಅದೂ ಮಾವಿನ ಕಾಲದ ಬಿರುಬೇಸಗೆಯಲ್ಲಿ, ಸೊಂಟ ಮುಳುಗುವಷ್ಟು ನೀರು ಬೇಕಲ್ಲ! ಪಾಲಾರ್ ನೀರು ನಿಲ್ಲುವ ಆ ಕೆರೆಯಿಂದಲೇ ಚಿನ್ನದ ಗಣಿಯ ಊರಿಗೂ ನೀರು ಬರುತ್ತಿತ್ತು. ಕಥೆ ಕಟ್ಟಿದವರು ಭೂಗೋಳ ಓದಿಕೊಂಡಿದ್ದರು.

ಏಟು ತಿಂದವನು ಯಾರು ಅಂತ ಕೇಳಿದರೆ ಮಾತ್ರ ಕಥೆ ಕುಂಟುತ್ತಿತ್ತು. ಮಾರಿಕುಪ್ಪಂನವರು ಆಂಡರ್ಸನ್‌ಪೇಟೆಯ ಹುಡುಗ ಅನ್ನುವರು, ಆಂಡರ್ಸನ್‌ಪೇಟೆಯವರು ಬೂದಿಕೋಟೆ ಕಡೆಯವನು ಅನ್ನುವರು. ಹೈದರಾಲಿ ಹುಟ್ಟಿದ ಊರು ಎಂದು ಎದೆಯುಬ್ಬಿಸುವ ಬೂದಿಕೋಟೆಯವರು ತುಪಾಕಿ ಏಟನ್ನು ಬೆನ್ನ ಕೆಳಗೆ ತಿಂದ ಅಪಕೀರ್ತಿ ಹೊರುತ್ತಾರೆಯೆ? ಅವರು ಅವನನ್ನು ಗಡಿ ದಾಟಿಸಿ ಕುಪ್ಪಂ ಕಡೆಗೆ ಕಳಿಸಿಬಿಡುತ್ತಿದ್ದರು.

ಕೆಜಿಎಫ್‌ನಲ್ಲಿ ಇದೇ ಕಥೆ ಕೊಂಚ ಸೂಟುಬೂಟು ಹಾಕಿಕೊಂಡು ಓಡಾಡುತ್ತಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಅಲ್ಲಿ ದೊರೆಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಎದ್ದವು. ಬಂಗಲೆಯ ಸೀಬೆಮರಕ್ಕೆ ಕಲ್ಲು ಬೀಸುವ ಹುಡುಗರಿಗೆ ದೊರೆಯ ತುಪಾಕಿಯ ಕಥೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸಿಗುತ್ತಿತ್ತು. ಅಂದಹಾಗೆ, ಚಿನ್ನದ ಗಣಿಗೂ ತುಪಾಕಿಗೂ ಇನ್ನೊಂದು ನಂಟುಂಟು. ಅಮೆರಿಕದ ಚಿನ್ನದ ಹುಚ್ಚಿನ ಕಾಲದಲ್ಲಿ ಮೋಸಗಾರರು ತೋಟಾಕ್ಕೆ ಚಿನ್ನದ ಪುಡಿ ತುಂಬಿ ಬರಡು ಬಂಡೆಗೆ ಹೊಡೆದು, ಅದು ಮಿನುಗುವುದನ್ನು ತೋರಿಸಿ ಬಕರಾಗಳಿಗೆ ಮಾರುತ್ತಿದ್ದರು. ಈ ವಿದ್ಯೆಗೆ ಇಂಗ್ಲಿಷಿನವರು ಇಟ್ಟ ಹೆಸರು ಗಣಿಗೆ ಉಪ್ಪು ಹಾಕುವುದು! ನಮ್ಮ ಬಂಡೆಗೆ ಆ ಶೃಂಗಾರ ಬೇಕಾಗಲಿಲ್ಲ. 2001ರಲ್ಲಿ ಬೀಗ ಬೀಳುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, 800 ಟನ್ನಿನಷ್ಟು ನಿಜವಾದ ಚಿನ್ನವನ್ನೇ ಬಗೆದಿದ್ದರು. ಅದು ಹೋದದ್ದೆಲ್ಲಿಗೆ ಎಂದು ಕೇಳಬೇಡಿ, ಸೀಬೆಹಣ್ಣಿನ ಕಳ್ಳರನ್ನಂತೂ ಹಿಡಿಯಬೇಡಿ.

ನಾನು ಕಂಡ ತುಪಾಕಿ ಒಂದೇ. ಕಾವಲಿನ ತಾತನೊಬ್ಬನ ನಾಡಬಂದೂಕು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಡುತ್ತಾರಲ್ಲ, ಆ ಜಾತಿಯದು. ಗುಡಿಸಲ ಗಳಕ್ಕೆ ತೂಗುಹಾಕಿದ್ದ. ಹಿಡಿಯ ಮರ ಕೈ ಆಡಿ ಆಡಿ ಕಪ್ಪಗೆ ನುಣುಪಾಗಿತ್ತು, ನಳಿಗೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಜಡಿದು, ಕೇಪು ಕೂರಿಸುವಷ್ಟರಲ್ಲಿ ಕಳ್ಳ ಮರ ಇಳಿದು ಊರು ಸೇರಿ ಊಟಕ್ಕೂ ಕೂತಿರುತ್ತಾನೆ.

“ತಾತಾ, ಇದಕ್ಕೆ ಉಪ್ಪು ಹಾಕ್ತೀಯಂತೆ?” ಅಂದೆ.

ತಾತ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಉಪ್ಪಾ? ಉಪ್ಪು ಆಕಿದ್ರೆ ನಳಿಗೆ ತುಕ್ಕು ಇಡಿಯಲ್ವೇನಪ್ಪಾ? ಬರೀ ಮದ್ದು ಒಡೆದ್ರೇನೇ ಬಿಸಿನೀರಲ್ಲಿ ತೊಳೆದು ಎಣ್ಣೆ ಬಿಡ್ಬೇಕು. ಮಾವಿನಕಾಯಿ ಓದ್ರೆ ಬರೋ ವರ್ಸ ಬಿಡ್ತದೆ, ತುಪಾಕಿ ಬಿಡ್ತದಾ?”

“ಮತ್ತೆ ಊರೆಲ್ಲ ಹಾಗೇ ಅಂತಾರೆ?”

“ಅನ್ಲಿ ಬಿಡು. ನಾನೇ ಏಳಿದ್ದು.”

ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ ಇರುವುದರಿಂದ ತಾತನ ನಳಿಗೆಗೆ ಉಪ್ಪಿನ ಜಾತಿ ಹೊಸದಲ್ಲ. ಅದರ ಮೇಲೆ ಅಡುಗೆಯ ಉಪ್ಪನ್ನೂ ಸುರಿದು ತುಕ್ಕನ್ನು ಕರೆಯಲು ಅವನು ಸಿದ್ಧನಿರಲಿಲ್ಲ ಅಷ್ಟೆ. ಅವನಿಗೆ ಬೇಕಾಗಿದ್ದುದು ಢಂ ಎನ್ನುವ ಸದ್ದು ಮತ್ತು ಒಂದು ಸುದ್ದಿ. ಇವೆರಡಕ್ಕೂ ಲೈಸೆನ್ಸಿನಲ್ಲಿ ಅಡ್ಡಿಯಿಲ್ಲ.

ರಷ್ಯಾದವರಿಗೂ ಇಂಥ ತಾತಂದಿರಿದ್ದರು. ಸೋವಿಯತ್ ಕಾಲದ ಸಾಮೂಹಿಕ ತೋಟಗಳ ಕಾವಲಿನವರು, ಸೇಬು ಕದಿಯುವ ಹುಡುಗರು, ಉಪ್ಪಿನ ತೋಟಾ, ಕೊನೆಗೆ ಹೊಳೆಯಲ್ಲಿ ಕೂರುವುದು ಎಲ್ಲ ಅಲ್ಲಿಯೂ ಇದ್ದಂತೆಯೇ. ಹಾಲಿವುಡ್ ಇನ್ನೂ ಮುಂದೆ ಹೋಗಿ 2004ರ ‘ಕಿಲ್ ಬಿಲ್’ ಎರಡನೆಯ ಭಾಗದಲ್ಲಿ ನಾಯಕಿಯ ಎದೆಗೇ ಉಪ್ಪು ಹೊಡೆಸಿತು. ನಮ್ಮೂರಿನ ಹೆಸರಿಟ್ಟುಕೊಂಡ 2018ರ ಸಿನಿಮಾದಲ್ಲಿ ಬಂದೂಕುಗಳಿಗೆ ಲೆಕ್ಕವಿಲ್ಲ. ಉಪ್ಪಿನದು ಮಾತ್ರ ಒಂದೂ ಇಲ್ಲ. ನಿರ್ದೇಶಕರು ಕಾಮಸಮುದ್ರದ ದಾರಿ ಹಿಡಿಯಲಿಲ್ಲವೆಂದು ಕಾಣುತ್ತದೆ.

ಆದರೆ ಉಪ್ಪು ನಿರುಪದ್ರವಿ ಎಂಬುದೊಂದು ಶುದ್ಧ ಸುಳ್ಳು. ಸೀಸದ ತೂಕ ಉಪ್ಪಿಗಿಂತ ಐದು ಪಟ್ಟು ಹೆಚ್ಚು. ಹಗುರವಾದ ಉಪ್ಪಿನ ಹರಳು ದೂರಕ್ಕೆ ಹೋಗುವುದಿಲ್ಲ, ಗಾಳಿಯಲ್ಲೇ ಸುಸ್ತಾಗುತ್ತದೆ, ನಿಜ. ಹತ್ತಿರದಿಂದ ಬಂದರೆ ಮಾತ್ರ ಚರ್ಮ ಸೀಳಿ ಮಾಂಸಕ್ಕಿಳಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕತ್ತಲಲ್ಲಿ ಕಳ್ಳ ಎಷ್ಟು ದೂರವಿದ್ದಾನೆ, ಯಾವ ಕಡೆ ಮುಖ ಮಾಡಿದ್ದಾನೆ ಎಂದು ಟೇಪು ಹಿಡಿದು ನೋಡುವವರು ಯಾರು? ಈಗ ಕೋತಿ ಓಡಿಸಲೆಂದು ಪ್ಲಾಸ್ಟಿಕ್ ಪೈಪಿನ ಕಾರ್ಬೈಡ್ ಗನ್ನು ಬಂದಿದೆ. ಅದೂ ಬರೀ ಸದ್ದಿನದೇ ಅಂತ ಮಾರಿದರು. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಎಷ್ಟೋ ಮಕ್ಕಳ ಕಣ್ಣು ಸುಟ್ಟಿತು. ಇನ್ನು ಕೌಂಡಿನ್ಯ ಕಾಡಿನಿಂದ ಕಾಮಸಮುದ್ರಕ್ಕೆ ಬರುವ ಆನೆಗಳ ಮುಂದೆ ಉಪ್ಪಿನ ಅಸ್ತ್ರವೇ ನಡೆಯದು. ಉಪ್ಪೆಂದರೆ ಪ್ರಾಣ ಬಿಡುವ ಪ್ರಾಣಿ ಅದು, ಇನ್ನೊಂದಿಷ್ಟು ಹೊಡಿ ಎಂದು ನಿಂತರೂ ನಿಂತೀತು.

ತೋಪಿನ ಯಜಮಾನರಿಗೆ ಕೊನೆಯದಾಗಿ ಒಂದು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ಕದ್ದು ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಗುಂಡು ಹಾರಿಸುವ ಸಾಧನದಿಂದ ಬೇಕೆಂದೇ ಗಾಯ ಮಾಡಿದವನಿಗೆ 118ನೇ ಕಲಮು. ಮೂರು ವರ್ಷದ ತನಕ ಜೈಲು, ಇಲ್ಲವೆ 20,000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ನಳಿಗೆಯಲ್ಲಿ ಇದ್ದದ್ದು ಸೀಸವೋ ಉಪ್ಪೋ ಎಂದು ಆ ಕಲಮು ಕೇಳುವುದಿಲ್ಲ.